ಸ್ಪ್ರಿಂಗಾ, ಕಾಯ್ಲೋವರಾ? ಕಾರ್ ಇಳಿಸೋ ಮುಂಚೆ ಒಂದು ಲೆಕ್ಕ

ನಮ್ಮ ಗ್ಯಾಂಗ್‌ನಲ್ಲಿ ಕಾರ್ ಇರೋದು ಒಬ್ಬನ ಹತ್ತಿರ ಮಾತ್ರ. ಅದೂ ಅವನದಲ್ಲ, ಅವರಪ್ಪನದು. 2018ರ ಸ್ವಿಫ್ಟ್. ಅಪ್ಪ ಬೈಕಲ್ಲಿ ಕೆಲಸಕ್ಕೆ ಹೋಗೋದರಿಂದ ವಾರದ ದಿನ ಕಾರು ಕಾಲೇಜಿಗೆ ಬರುತ್ತೆ. ಭಾನುವಾರ ಅದೇ ಕಾರಲ್ಲಿ ಮನೆಯವರೆಲ್ಲ ಊರಿಗೆ ಹೋಗ್ತಾರೆ, ಹಿಂದಿನ ಸೀಟಲ್ಲಿ ಅಮ್ಮ ಮತ್ತು ಅಜ್ಜಿ.

ಕಳೆದ ರಜೆಯಲ್ಲಿ ಇವನು ಮದುವೆ ಫೋಟೋ ತೆಗೆದು ಕೂಡಿಟ್ಟ ದುಡ್ಡಲ್ಲಿ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ. ಕಾರು 30 ಮಿ.ಮೀ. ಇಳಿಯಿತು. ಟೈರ್ ಮತ್ತು ಫೆಂಡರ್ ನಡುವಿನ ಗ್ಯಾಪ್ ಹೋಗಿ ನೋಡೋಕೆ ನಿಜವಾಗಲೂ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಅವತ್ತೇ ನಾವು ಮೂರು ಜನ ಹತ್ತಿ ಕೂತೆವು. ಹಾಸ್ಟೆಲ್ ಗೇಟ್ ಮುಂದಿನ ಹಂಪ್ ದಾಟಿದಾಗ ಹಿಂದಿನಿಂದ ‘ಧಡ್’ ಅಂತ ಒಂದು ಸದ್ದು. ನಕ್ಕೆವು. ಮುಂದಿನ ಭಾನುವಾರ ಊರಿಗೆ ಹೋಗಿ ಬಂದ ಅಜ್ಜಿ ಎರಡು ದಿನ ಸೊಂಟ ಹಿಡಿದುಕೊಂಡು ಮಲಗಿದರು. ಆಮೇಲೆ ಯಾರೂ ನಗಲಿಲ್ಲ. ಅವರಪ್ಪ ಹೇಳಿದ್ದು ಇಷ್ಟೇ: “ಒಂದೋ ಸರಿ ಮಾಡ್ಸು, ಇಲ್ಲಾ ಕೀ ಇಲ್ಲಿಡು.”

ಕ್ಲಾಸಲ್ಲಿ ಎಲ್ಲರದೂ ಒಂದೇ ಸಲಹೆ. “ಸ್ಪ್ರಿಂಗ್ ಹಾಕ್ಸಿದ್ದೇ ತಪ್ಪು ಮಗಾ, ಕಾಯ್ಲೋವರ್ ಹಾಕ್ಸು, ಎಲ್ಲ ಸರಿ ಹೋಗುತ್ತೆ.” ಆದರೆ ಒಳ್ಳೆ ಕಾಯ್ಲೋವರ್ ಸೆಟ್‌ಗೆ ಸ್ಪ್ರಿಂಗ್‌ಗಿಂತ ಹಲವು ಪಟ್ಟು ದುಡ್ಡು ಬೇಕು. ಅವನು ಕ್ಯಾಮೆರಾ ಮಾರೋ ಮಾತಾಡತೊಡಗಿದ. ಅದಕ್ಕೆ ನಾವು ಒಂದು ಸಂಜೆ ಮೆಸ್‌ನಲ್ಲಿ ನೋಟ್‌ಬುಕ್ ಹಿಡಿದು ಕೂತೆವು. ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಡ್ಯಾಂಪ್ಡ್ ಆಸಿಲೇಷನ್ ಅಂತ ಓದಿ, ಬರೆದು, ಮರೆತಿದ್ದೆವಲ್ಲ, ಅದು ಕೆಲಸಕ್ಕೆ ಬಂದದ್ದು ಅವತ್ತೇ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು, ಯಾವುದು ಏನು

ಸಸ್ಪೆನ್ಷನ್‌ನಲ್ಲಿ ಮುಖ್ಯವಾಗಿ ಎರಡು ಭಾಗ. ಸ್ಪ್ರಿಂಗ್ ಕಾರಿನ ಭಾರ ಹೊರುತ್ತೆ, ಗುಂಡಿ ಬಂದಾಗ ಒತ್ತಿಕೊಂಡು ಶಕ್ತಿಯನ್ನ ತನ್ನಲ್ಲಿ ಇಟ್ಟುಕೊಳ್ಳುತ್ತೆ. ಆದರೆ ಇಟ್ಟುಕೊಂಡದ್ದನ್ನ ವಾಪಸ್ ಕೊಡದೆ ಬಿಡಲ್ಲ. ಆ ಕುಣಿತವನ್ನ ಎಣ್ಣೆಯ ಮೂಲಕ ಶಾಖವಾಗಿ ಕರಗಿಸೋದು ಡ್ಯಾಂಪರ್, ಅಂದರೆ ಗ್ಯಾರೇಜಿನಲ್ಲಿ ‘ಶಾಕ್ಸ್’ ಅಂತೀವಲ್ಲ, ಅದು. ಇವೆರಡರ ಜೊತೆ ಸಣ್ಣದೊಂದು ಮೂರನೇ ಪಾತ್ರ ಇದೆ, ಬಂಪ್ ಸ್ಟಾಪ್. ಸಸ್ಪೆನ್ಷನ್ ಪೂರ್ತಿ ಒತ್ತಿಕೊಂಡಾಗ ಲೋಹಕ್ಕೆ ಲೋಹ ಬಡಿಯದಿರಲಿ ಅಂತ ಇರೋ ರಬ್ಬರ್ ಅಥವಾ ಫೋಮ್ ಮುದ್ದೆ. ನಮ್ಮ ಕಥೆಯ ‘ಧಡ್’ ಬಂದದ್ದು ಅಲ್ಲಿಂದಲೇ.

ಲೋವರಿಂಗ್ ಸ್ಪ್ರಿಂಗ್ ಅಂದರೆ ಕಂಪನಿ ಸ್ಪ್ರಿಂಗ್ ತೆಗೆದು ಆ ಜಾಗಕ್ಕೆ ಹಾಕೋ ಗಿಡ್ಡ, ಸ್ವಲ್ಪ ಗಟ್ಟಿ ಸ್ಪ್ರಿಂಗ್. ಡ್ಯಾಂಪರ್ ಹಳೆಯದೇ ಉಳಿಯುತ್ತೆ. ಎಷ್ಟು ಇಳಿಯುತ್ತೆ ಅನ್ನೋದು ಫ್ಯಾಕ್ಟರಿಯಲ್ಲೇ ನಿಗದಿ, ಆಮೇಲೆ ಬದಲಿಸೋಕಾಗಲ್ಲ. ಐಬಾಕ್, ಎಚ್ ಅಂಡ್ ಆರ್ ಥರದ ಕಂಪನಿಗಳು ಇದರಲ್ಲಿ ಹೆಸರುವಾಸಿ.

ಕಾಯ್ಲೋವರ್ ಅಂದರೆ ಸ್ಪ್ರಿಂಗ್ ಮತ್ತು ಡ್ಯಾಂಪರ್ ಸೇರಿದ ಪೂರ್ತಿ ಸೆಟ್. ಡ್ಯಾಂಪರ್ ಮೈಮೇಲೆ ಬೋಲ್ಟ್‌ಗೆ ಇರೋ ಹಾಗೆ ಮರೆ ಇರುತ್ತೆ, ಅದರ ಮೇಲೆ ತಿರುಗೋ ಕಾಲರ್. ಕಾಲರ್ ತಿರುಗಿಸಿ ಎತ್ತರ ಬದಲಿಸಬಹುದು. ಕೆಡಬ್ಲ್ಯೂ, ಬಿಲ್‌ಸ್ಟೈನ್, ಬಿಸಿ ರೇಸಿಂಗ್ ಹೆಸರು ಕೇಳಿರ್ತೀರಿ. ಇದೇನೋ ದೊಡ್ಡ ರೇಸಿಂಗ್ ಗುಟ್ಟು ಅಂದುಕೊಳ್ಳಬೇಡಿ. ಪಾರ್ಕಿಂಗ್‌ನಲ್ಲಿ ನಿಂತಿರೋ ಬೈಕ್‌ಗಳ ಹಿಂದಿನ ಶಾಕ್ ನೋಡಿ. ಡ್ಯಾಂಪರ್ ಸುತ್ತ ಸ್ಪ್ರಿಂಗ್, ಕೆಳಗೆ ಕೊಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸೋ ಮೆಟ್ಟಿಲು ಮೆಟ್ಟಿಲಾದ ಕಾಲರ್. ಹತ್ತಿರ ಹತ್ತಿರ ಅದೇ ಐಡಿಯಾ.

ಇನ್ನೊಂದು ವಿಷಯ. ಸ್ವಿಫ್ಟ್‌ನ ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಸ್ಪ್ರಿಂಗ್ ಡ್ಯಾಂಪರ್ ಸುತ್ತಲೇ ಇದೆ. ಹಿಂದೆ ಟಾರ್ಷನ್ ಬೀಮ್. ಅಲ್ಲಿ ಸ್ಪ್ರಿಂಗ್ ಒಂದು ಕಡೆ, ಡ್ಯಾಂಪರ್ ಇನ್ನೊಂದು ಕಡೆ. ಹಾಗಾಗಿ ಇಂಥ ಕಾರಿಗೆ ‘ಕಾಯ್ಲೋವರ್ ಸೆಟ್’ ತಗೊಂಡರೂ ಹಿಂದೆ ಬರೋದು ಸಾಮಾನ್ಯವಾಗಿ ಬೇರೆ ಸ್ಪ್ರಿಂಗ್, ಬೇರೆ ಡ್ಯಾಂಪರ್, ಜೊತೆಗೆ ಎತ್ತರ ಬದಲಿಸೋ ಒಂದು ಪೀಠ.

ಇಳಿಸಿದ್ದು ಎತ್ತರವನ್ನಲ್ಲ, ಟ್ರಾವೆಲ್ಲನ್ನ

ಟ್ರಾವೆಲ್ ಅಂದರೆ ಚಕ್ರ ಮೇಲೆ ಕೆಳಗೆ ಹೋಗೋಕೆ ಇರೋ ಜಾಗ. ಹಳೇ ಡ್ಯಾಂಪರ್ ಇಟ್ಟುಕೊಂಡು ಕಾರನ್ನ 30 ಮಿ.ಮೀ. ಇಳಿಸಿದಾಗ, ಬಂಪ್ ಸ್ಟಾಪ್‌ವರೆಗೆ ಇದ್ದ ಜಾಗದಿಂದ ಅಷ್ಟನ್ನ ಖರ್ಚು ಮಾಡಿದ ಹಾಗೆ. ನಾವು ಹಿಂದಿನ ಒಂದು ಚಕ್ರಕ್ಕೆ ಲೆಕ್ಕ ಹಾಕಿದೆವು. ಈ ಅಂಕಿಗಳು ಕಂಪನಿಯವಲ್ಲ, ಸಣ್ಣ ಕಾರಿಗೆ ಹೊಂದೋ ಹಾಗೆ, ಲೆಕ್ಕ ಸುಲಭ ಆಗೋ ಹಾಗೆ ನಾವೇ ಇಟ್ಟುಕೊಂಡವು.

ಆ ಚಕ್ರದ ಮೇಲಿನ ಭಾರ 180 ಕೆ.ಜಿ. ಚಕ್ರದ ಹತ್ತಿರ ಸ್ಪ್ರಿಂಗ್‌ನ ಗಟ್ಟಿತನ ಪ್ರತಿ ಮಿ.ಮೀ.ಗೆ 18 ನ್ಯೂಟನ್. ಬಂಪ್ ಸ್ಟಾಪ್‌ವರೆಗೆ ಜಾಗ 80 ಮಿ.ಮೀ. ಸ್ಪ್ರಿಂಗ್ ಹೀರಿಕೊಳ್ಳೋ ಶಕ್ತಿ ಅಂದರೆ ಗಟ್ಟಿತನದ ಅರ್ಧವನ್ನ ಒತ್ತಿದ ದೂರದ ವರ್ಗದಿಂದ ಗುಣಿಸೋದು, ಪಿಯುಸಿಯಲ್ಲೇ ಓದಿದ್ದು. ಹಾಗೆ ನೋಡಿದರೆ ಬಂಪ್ ಸ್ಟಾಪ್ ಮುಟ್ಟೋ ಮುಂಚೆ ಈ ಸ್ಪ್ರಿಂಗ್ ಸುಮಾರು 58 ಜೂಲ್ ಹೀರಬಲ್ಲದು.

ಈಗ ಲೋವರಿಂಗ್ ಸ್ಪ್ರಿಂಗ್ ಹಾಕಿ. ಗಟ್ಟಿತನ 23 ಅಂತ ಇಟ್ಟುಕೊಳ್ಳೋಣ. ಜಾಗ ಮಾತ್ರ 50 ಮಿ.ಮೀ. ಲೆಕ್ಕ ಹಾಕಿದರೆ ಸುಮಾರು 29 ಜೂಲ್. ಸ್ಪ್ರಿಂಗ್ ಕಾಲು ಭಾಗಕ್ಕಿಂತ ಹೆಚ್ಚು ಗಟ್ಟಿಯಾದರೂ ಹೀರೋ ಶಕ್ತಿ ಅರ್ಧಕ್ಕೆ ಇಳಿಯಿತು. ಯಾಕಂದರೆ ಸೂತ್ರದಲ್ಲಿ ಗಟ್ಟಿತನ ಒಂದು ಸಲ ಬರುತ್ತೆ, ದೂರ ಎರಡು ಸಲ ಬರುತ್ತೆ.

ಇದು ಹಿಂದಿನ ಸೀಟು ಖಾಲಿ ಇದ್ದಾಗಿನ ಮಾತು. ಹಿಂದೆ ಇಬ್ಬರು ಕೂತರು, ತಲಾ 65 ಕೆ.ಜಿ. ಅಂದುಕೊಳ್ಳಿ. ಸೀಟು ಹಿಂದಿನ ಆಕ್ಸಲ್‌ಗೆ ಹತ್ತಿರ ಇರೋದರಿಂದ ಒಂದೊಂದು ಚಕ್ರಕ್ಕೆ ಸುಮಾರು 65 ಕೆ.ಜಿ. ಹೆಚ್ಚು. ಕಂಪನಿ ಸ್ಪ್ರಿಂಗ್ 35 ಮಿ.ಮೀ. ಕುಗ್ಗುತ್ತೆ, 45 ಉಳಿಯುತ್ತೆ, 18 ಜೂಲ್. ಲೋವರಿಂಗ್ ಸ್ಪ್ರಿಂಗ್ 28 ಮಿ.ಮೀ. ಕುಗ್ಗುತ್ತೆ, ಉಳಿಯೋದು 22. ಶಕ್ತಿ 6 ಜೂಲ್ ಕೂಡ ಇಲ್ಲ. ಎರಡು ಬೆರಳು ದಪ್ಪದಷ್ಟು ಜಾಗದಲ್ಲಿ ಅಜ್ಜಿಯನ್ನ ಊರಿನ ರಸ್ತೆಯಲ್ಲಿ ಕರೆದುಕೊಂಡು ಹೋಗಿದ್ದ ಅವನು. ಈ ಅಂಕಿ ಬರೆದಾದ ಮೇಲೆ ಪಾಪ, ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಹಾಗಾದರೆ ಬಂಪ್ ಸ್ಟಾಪ್ ಕತ್ತರಿಸಿದರೆ ಜಾಗ ಆಗುತ್ತಲ್ಲ?” ಅಂತ ನಮ್ಮಲ್ಲೇ ಒಬ್ಬ ಕೇಳಿದ. ಕೆಲವು ಕಿಟ್‌ಗಳಲ್ಲಿ ಗಿಡ್ಡ ಬಂಪ್ ಸ್ಟಾಪ್ ಕೊಟ್ಟಿರ್ತಾರೆ, ಅದು ಲೆಕ್ಕ ಹಾಕಿ ಕೊಟ್ಟದ್ದು. ನಾವೇ ಬ್ಲೇಡ್ ಹಿಡಿದು ಕತ್ತರಿಸಿದರೆ ಡ್ಯಾಂಪರ್ ಒಳಗಿನ ಪಿಸ್ಟನ್ ತಳಕ್ಕೆ ಬಡಿಯೋ ಅಪಾಯ ಇದೆ. ಆಗ ಡ್ಯಾಂಪರ್ ಕಥೆ ಮುಗೀತು.

ಸ್ಪ್ರಿಂಗನ್ನೇ ಗ್ರೈಂಡರ್‌ನಲ್ಲಿ ಕತ್ತರಿಸೋ ‘ಬಜೆಟ್’ ದಾರಿಯೂ ಇದೆ. ಅದು ಬೇಡವೇ ಬೇಡ. ಸ್ಪ್ರಿಂಗ್‌ನ ಗಟ್ಟಿತನ ಸುತ್ತುಗಳ ಸಂಖ್ಯೆಗೆ ವಿಲೋಮ. 6 ಸುತ್ತಿನಲ್ಲಿ 1 ತೆಗೆದರೆ ಗಟ್ಟಿತನ 20% ಏರುತ್ತೆ, ನಿಜ. ಆದರೆ ಕತ್ತರಿಸಿದ ತುದಿ ಪೀಠದಲ್ಲಿ ಸರಿಯಾಗಿ ಕೂರಲ್ಲ. ಚಕ್ರ ಪೂರ್ತಿ ಕೆಳಗೆ ಜೋತಾಗ ಸ್ಪ್ರಿಂಗ್ ಜಾಗ ಬಿಟ್ಟು ಸರಿಯಬಹುದು. ಓಡ್ತಾ ಇರೋ ಕಾರಲ್ಲಿ ಹಾಗಾದರೆ ಏನಾಗುತ್ತೆ ಅಂತ ಬರೆಯೋದೇ ಬೇಡ.

ಡ್ಯಾಂಪರ್ ಜೊತೆ ಜೋಡಿ ಹೊಂದಬೇಕು

ಎರಡನೇ ಲೆಕ್ಕ ಡ್ಯಾಂಪಿಂಗ್ ರೇಷಿಯೋದು. 1 ಅಂದರೆ ಕುಣಿತವೇ ಇಲ್ಲ, 0 ಅಂದರೆ ಕುಣಿತ ನಿಲ್ಲೋದೇ ಇಲ್ಲ. ಹೊಸ ಕಾರಿನಲ್ಲಿ 0.3 ಅಂತ ಇಟ್ಟುಕೊಂಡೆವು. ಆಗ ಒಂದು ಹಂಪ್ ಆದ ಮೇಲೆ ಎರಡನೇ ಕುಣಿತ ಮೊದಲಿನದರ 14% ಮಾತ್ರ. ಸ್ಪ್ರಿಂಗ್ 23ಕ್ಕೆ ಏರಿಸಿ ಅದೇ ಡ್ಯಾಂಪರ್ ಇಟ್ಟರೆ ರೇಷಿಯೋ 0.27ರ ಹತ್ತಿರ, ಎರಡನೇ ಕುಣಿತ 18%. ಇದೇನೂ ಘೋರ ಅಲ್ಲ. ಒಳ್ಳೆ ಕಂಪನಿಗಳು ಲೋವರಿಂಗ್ ಸ್ಪ್ರಿಂಗನ್ನ ತುಂಬಾ ಗಟ್ಟಿ ಮಾಡದೆ ಬಿಡೋದಕ್ಕೆ ಇದೂ ಒಂದು ಕಾರಣ.

ಆದರೆ ನಮ್ಮ ಗೆಳೆಯನ ಕಾರು 70,000 ಕಿ.ಮೀ. ದಾಟಿತ್ತು. ಡ್ಯಾಂಪರ್‌ಗಳು ಮೊದಲಿನವೇ. ಅವುಗಳ ಸಾಮರ್ಥ್ಯ ಅರ್ಧ ಉಳಿದಿದೆ ಅಂದುಕೊಂಡರೆ ರೇಷಿಯೋ 0.13, ಎರಡನೇ ಕುಣಿತ 44%! ಒಂದು ಗುಂಡಿಯ ಕುಣಿತ ನಿಲ್ಲೋ ಮುಂಚೆ ಇನ್ನೊಂದು ಗುಂಡಿ ಬರುತ್ತೆ, ಎರಡೂ ಸೇರುತ್ತೆ, 22 ಮಿ.ಮೀ. ಜಾಗ ಮುಗಿಯುತ್ತೆ, ಧಡ್. ಸ್ಪ್ರಿಂಗ್ ಹಾಕಿದ ಗ್ಯಾರೇಜಿನವರು ಡ್ಯಾಂಪರ್ ಹೇಗಿದೆ ಅಂತ ಪರೀಕ್ಷಿಸಲೇ ಇಲ್ಲ. ನಾವೂ ಕೇಳಲಿಲ್ಲ, ಆ ತಪ್ಪು ನಮ್ಮದೂ ಹೌದು.

ಹಾಗಾದರೆ ಕಾಯ್ಲೋವರ್ ಉತ್ತರವಾ?

ಅರ್ಧ ಉತ್ತರ. ಕಾಯ್ಲೋವರ್‌ನ ನಿಜವಾದ ಲಾಭ ಎತ್ತರ ಬದಲಿಸೋದಲ್ಲ, ಸ್ಪ್ರಿಂಗ್‌ಗೆ ಹೊಂದೋ ಡ್ಯಾಂಪರ್ ಜೊತೆಗೇ ಬರೋದು. ಡ್ಯಾಂಪರ್ ಮೈ ಕೂಡ ಗಿಡ್ಡ ಮಾಡಿರ್ತಾರೆ, ಹಾಗಾಗಿ ಇಳಿಸಿದರೂ ಪಿಸ್ಟನ್‌ಗೆ ಓಡಾಡೋ ಜಾಗ ಇರುತ್ತೆ. ಕೆಲವು ಸೆಟ್‌ಗಳಲ್ಲಿ ಡ್ಯಾಂಪರ್‌ನ ಕೆಳಗಿನ ಮೌಂಟೇ ಮೇಲೆ ಕೆಳಗೆ ತಿರುಗುತ್ತೆ. ಅಲ್ಲಿ ಎತ್ತರ ಬದಲಿಸಿದರೂ ಡ್ಯಾಂಪರ್ ಒಳಗಿನ ಟ್ರಾವೆಲ್ ಹಾಗೇ ಉಳಿಯುತ್ತೆ. ಸ್ಪ್ರಿಂಗ್ ಪೀಠ ಮಾತ್ರ ತಿರುಗೋ ಸೆಟ್‌ನಲ್ಲಿ ಇಳಿಸಿದಷ್ಟೂ ಟ್ರಾವೆಲ್ ಕಡಿಮೆ. ಕೊಳ್ಳೋ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮಗೂ ಇತ್ತು. ಕಾಲರ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂದುಕೊಂಡಿದ್ದೆವು. ಆಗಲ್ಲ. ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ ಬದಲಾಗದೆ ಒಂದೇ ಸಮನಾದ ಸ್ಪ್ರಿಂಗ್‌ನ ಗಟ್ಟಿತನ ಬದಲಾಗೋದಿಲ್ಲ. ಬದಲಾಗೋದು ಕಾರು ನಿಲ್ಲೋ ಎತ್ತರ. ಬೈಕಲ್ಲೂ ಅಷ್ಟೇ.

ಈಗ ಉಳಿದ ಅರ್ಧ. 50 ಮಿ.ಮೀ. ಜಾಗದಲ್ಲಿ ಮೊದಲಿನಷ್ಟೇ 58 ಜೂಲ್ ಹೀರಬೇಕಾದರೆ ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು? 80ನ್ನ 50ರಿಂದ ಭಾಗಿಸಿ ವರ್ಗ ಮಾಡಿ: 2.56 ಪಟ್ಟು. ಅಂದರೆ 46 ನ್ಯೂಟನ್. ಆ ಸ್ಪ್ರಿಂಗ್ ಮೇಲೆ ಕಾರಿನ ಸಹಜ ಕಂಪನ 1.6 ಹರ್ಟ್ಸ್‌ನಿಂದ ಸುಮಾರು 2.5 ಹರ್ಟ್ಸ್‌ಗೆ ಏರುತ್ತೆ. ಮನೆ ಮಂದಿ ಓಡಾಡೋ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರ ಆಸುಪಾಸು, ಸ್ಪೋರ್ಟಿ ಕಾರು ಅದಕ್ಕಿಂತ ಸ್ವಲ್ಪ ಮೇಲೆ. 2 ದಾಟಿದರೆ ಟ್ರ್ಯಾಕ್ ಕಾರಿನ ಲೋಕ. ಬಂಪ್ ಸ್ಟಾಪ್ ಬಡಿಯಲ್ಲ, ಆದರೆ ಸ್ಪ್ರಿಂಗೇ ಬಂಪ್ ಸ್ಟಾಪ್ ಥರ ಇರುತ್ತೆ. ಅಜ್ಜಿಯ ಸೊಂಟಕ್ಕೆ ಎರಡೂ ಒಂದೇ.

ಸ್ಪೆಕ್ ಶೀಟ್ ಓದೋವಾಗ ಒಂದು ಎಚ್ಚರ. ‘6ಕೆ’ ಅಂತ ಬರೆದಿದ್ದರೆ ಪ್ರತಿ ಮಿ.ಮೀ.ಗೆ 6 ಕೆ.ಜಿ. ಬಲ, ಅಂದರೆ ಸುಮಾರು 59 ನ್ಯೂಟನ್. ಇದು ಸ್ಪ್ರಿಂಗ್‌ನ ಗಟ್ಟಿತನ, ಚಕ್ರದ ಹತ್ತಿರದ್ದಲ್ಲ. ಹಿಂದಿನ ಬೀಮ್‌ನಲ್ಲಿ ಸ್ಪ್ರಿಂಗ್ ಕೂತ ಜಾಗ ಚಕ್ರಕ್ಕಿಂತ ಕಡಿಮೆ ಓಡಾಡುತ್ತೆ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 8 ಮಿ.ಮೀ. ಒತ್ತಿಕೊಂಡರೆ, 0.8ರ ವರ್ಗ 0.64ರಿಂದ ಗುಣಿಸಬೇಕು. ಈ ವರ್ಗ ಮರೆತವರ ಲೆಕ್ಕ ಪೂರ್ತಿ ತಪ್ಪುತ್ತೆ.

ಇನ್ನು ನಿರ್ವಹಣೆ. ಮಳೆಗಾಲದ ಕೆಸರು ಮರೆಯಲ್ಲಿ ಕೂತು ತುಕ್ಕು ಹಿಡಿದರೆ ಕಾಲರ್ ತಿರುಗೋದೇ ಇಲ್ಲ. ಆಗಾಗ ತೊಳೆಯಬೇಕು. ಮೇಲಿನ ಮೌಂಟ್ ರಬ್ಬರ್ ಬದಲು ಲೋಹದ ಗೋಲಿಯದಾಗಿದ್ದರೆ ಸದ್ದು ಕ್ಯಾಬಿನ್ ಒಳಗೇ ಬರುತ್ತೆ.

ಇಳಿಸೋದರಿಂದ ಲಾಭವೇ ಇಲ್ವಾ?

ಇದೆ. ಗುರುತ್ವ ಕೇಂದ್ರ ಕೆಳಗೆ ಬಂದರೆ ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಸರಿಯೋ ಭಾರ ಕಡಿಮೆಯಾಗುತ್ತೆ. ಆದರೆ ಎಷ್ಟು? ಗುರುತ್ವ ಕೇಂದ್ರ 550 ಮಿ.ಮೀ. ಎತ್ತರದಲ್ಲಿದೆ ಅಂದುಕೊಂಡರೆ 30 ಇಳಿಸಿದ್ದಕ್ಕೆ ಶೇಕಡಾ 5ರ ಆಸುಪಾಸು. ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಇನ್ನೊಂದು ತಮಾಷೆ ಇದೆ. ಕಾರು ಇಳಿದಾಗ ಕೆಳಗಿನ ಆರ್ಮ್‌ನ ಕೋನ ಬದಲಾಗಿ, ಕಾರು ವಾಲೋ ಕೇಂದ್ರ ಅದಕ್ಕಿಂತ ಹೆಚ್ಚು ಕೆಳಗೆ ಹೋಗಬಹುದು. ಸ್ಪ್ರಿಂಗ್ ಅಷ್ಟು ಗಟ್ಟಿಯಾಗದಿದ್ದರೆ ಕಾರು ಮೊದಲಿಗಿಂತ ಜಾಸ್ತಿ ವಾಲಲೂಬಹುದು. ಅಂದರೆ ‘ಇಳಿಸಿದಷ್ಟೂ ಹ್ಯಾಂಡ್ಲಿಂಗ್’ ಅನ್ನೋ ಮಾತು ಒಂದು ಮಿತಿಯವರೆಗೆ ಮಾತ್ರ ನಿಜ.

ರಸ್ತೆಯ ಲೆಕ್ಕವನ್ನೂ ನೋಡಿ. ಈ ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಇಳಿಸಿದ ಮೇಲೆ 133. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ 3.7 ಮೀಟರ್ ಅಗಲ, 100 ಮಿ.ಮೀ. ಎತ್ತರ ಇರಬೇಕು, ನಿಧಾನಕ್ಕೆ ಏರಿ ಇಳಿಯೋ ಹಾಗೆ. ನಮ್ಮೂರುಗಳಲ್ಲಿ ರಾತ್ರೋರಾತ್ರಿ ಹುಟ್ಟೋ ಹಂಪ್‌ಗಳಿಗೆ ಆ ಪುಸ್ತಕ ಯಾರೂ ತೋರಿಸಿಲ್ಲ. ಅವು ಗಿಡ್ಡ ಅಗಲದ ಗೋಡೆಗಳು. ಮುಂದಿನ ಚಕ್ರ ದಾಟಿ ಹಿಂದಿನದು ಬರೋ ಮುಂಚೆ ಕಾರಿನ ಹೊಟ್ಟೆ ಅದರ ಮೇಲಿರುತ್ತೆ. ಜನ ತುಂಬಿದ್ದರೆ ಉಳಿಯೋ ಗ್ಯಾಪ್ ಕೆಲವೇ ಮಿ.ಮೀ.

ಹಾಗಂತ ಕಾಯ್ಲೋವರ್ ಅಂದರೆ ನೆಲಕ್ಕೆ ಅಂಟಿಸೋದು ಅಂತಲೂ ಅಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ನಡೆಯೋ ರ‍್ಯಾಲಿ ನೋಡಿದವರಿಗೆ ಗೊತ್ತು, ಅಲ್ಲಿನ ಕಾರುಗಳು ಎತ್ತರವಾಗಿ, ಉದ್ದ ಟ್ರಾವೆಲ್‌ನ ಸಸ್ಪೆನ್ಷನ್ ಮೇಲೆ ನಿಂತಿರ್ತವೆ. ವೇಗಕ್ಕೆ ಬೇಕಾದ್ದು ಕಡಿಮೆ ಎತ್ತರವಲ್ಲ, ಆ ರಸ್ತೆಗೆ ತಕ್ಕ ಟ್ರಾವೆಲ್ ಮತ್ತು ಡ್ಯಾಂಪಿಂಗ್.

ಕಾನೂನು, ಚಿಕ್ಕದಾಗಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮೂಲತಃ ಕೊಟ್ಟ ಹಾಗೂ ಆರ್‌ಸಿಯಲ್ಲಿರೋ ವಿವರಗಳಿಗೆ ವ್ಯತ್ಯಾಸ ಬರೋ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ತಲಾ 5000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಇದೆ. ಮಾಲೀಕ ಅಂದರೆ ಆರ್‌ಸಿಯಲ್ಲಿ ಹೆಸರಿರೋ ಅಪ್ಪ, ಇದು ನೆನಪಿರಲಿ. ಆರ್‌ಟಿಓ ಮತ್ತು ಇನ್ಶೂರೆನ್ಸ್ ಎರಡೂ ಕಡೆ ಮೊದಲೇ ಕೇಳೋದು ಕ್ಷೇಮ.

ನಮ್ಮ ತೀರ್ಮಾನ

ಟ್ರ್ಯಾಕ್‌ಗೆ ಹೋಗೋರು, ಚೆನ್ನೈ ಹತ್ತಿರದ ಇರುಂಗಾಟುಕೋಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ, ಅಂಥವರಿಗೆ ಕಾಯ್ಲೋವರ್ ಅರ್ಥಪೂರ್ಣ. ಎತ್ತರ, ಡ್ಯಾಂಪಿಂಗ್ ಬದಲಿಸಿ, ಲ್ಯಾಪ್ ಟೈಮ್ ನೋಡಿ ಕಲಿಯಬಹುದು. ಒಮ್ಮೆ ಸೆಟ್ ಮಾಡಿ ಮತ್ತೆ ಮುಟ್ಟದವರು ಆ ದುಡ್ಡನ್ನ ಯಾಕೆ ಕೊಡಬೇಕು?

ಒಬ್ಬರೇ ಅಥವಾ ಇಬ್ಬರೇ ಓಡಾಡೋದು, ಒಳ್ಳೆ ರಸ್ತೆ, ಸ್ವಲ್ಪ ಲುಕ್ ಬೇಕು ಅನ್ನೋರಿಗೆ ಒಳ್ಳೆ ಕಂಪನಿಯ, ಕಡಿಮೆ ಇಳಿಸೋ ಸ್ಪ್ರಿಂಗ್ ಸಾಕು. ಆದರೆ ಡ್ಯಾಂಪರ್ ಹೊಸದಿರಬೇಕು. ಸ್ಪ್ರಿಂಗ್ ಬೆಲೆ ಮಾತ್ರ ನೋಡಿ ಹೋಲಿಸಬೇಡಿ, ಸ್ಪ್ರಿಂಗ್ ಮತ್ತು ನಾಲ್ಕು ಡ್ಯಾಂಪರ್ ಸೇರಿಸಿ ಹೋಲಿಸಿ. ಯಾವುದೇ ಹಾಕಿಸಿದರೂ ರಬ್ಬರ್ ಬುಷ್‌ಗಳ ಬೋಲ್ಟನ್ನ ಕಾರು ನೆಲದ ಮೇಲೆ ನಿಂತ ಎತ್ತರದಲ್ಲೇ ಬಿಗಿ ಮಾಡಿಸಿ, ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಕೋನ ನೋಡಿಸಿ.

ಹಿಂದಿನ ಸೀಟು ತುಂಬೋ, ಮನೆಗೆ ಒಂದೇ ಆದ ಕಾರಿಗೆ? ಎರಡೂ ಬೇಡ ಅಂತ ನಮ್ಮ ನೋಟ್‌ಬುಕ್ ಹೇಳಿತು. ಗೆಳೆಯ ಪುಣ್ಯಕ್ಕೆ ಕಂಪನಿ ಸ್ಪ್ರಿಂಗ್ ಬಿಸಾಕಿರಲಿಲ್ಲ. ಅವನ್ನೇ ವಾಪಸ್ ಹಾಕಿಸಿ, ನಾಲ್ಕೂ ಡ್ಯಾಂಪರ್ ಹೊಸದು ಹಾಕಿಸಿದ. ಕ್ಯಾಮೆರಾ ಉಳಿಯಿತು. ಫೆಂಡರ್ ಗ್ಯಾಪ್ ವಾಪಸ್ ಬಂತು, ಅದು ಅವನಿಗೆ ಇವತ್ತಿಗೂ ಬೇಜಾರೇ. ಆದರೆ ತಿರುವಿನಲ್ಲಿ ಕಾರು ಈಗ ಇಳಿಸಿದಾಗಿಗಿಂತ ಭದ್ರ ಅನ್ಸುತ್ತೆ ಅಂತ ಅವನೇ ಹೇಳ್ತಾನೆ.

ನಿಮಗೊಂದು ಪ್ರಾಕ್ಟಿಕಲ್. ಬೈಕ್ ಇದ್ದರೆ ಮುಂದಿನ ಫೋರ್ಕ್‌ನ ಹೊಳೆಯೋ ಪೈಪ್‌ಗೆ, ಸೀಲ್‌ಗೆ ತಾಗೋ ಹಾಗೆ ಒಂದು ಜಿಪ್ ಟೈ ಕಟ್ಟಿ. ಒಂದು ದಿನ ಎಂದಿನ ದಾರಿಯಲ್ಲಿ ಓಡಾಡಿ ಬಂದು, ಅದು ಎಷ್ಟು ಮೇಲೆ ಸರಿದಿದೆ ಸ್ಕೇಲ್ ಇಟ್ಟು ನೋಡಿ. ನಿಮ್ಮ ರಸ್ತೆ ದಿನಾ ಎಷ್ಟು ಟ್ರಾವೆಲ್ ಕೇಳುತ್ತೆ ಅಂತ ಗೊತ್ತಾಗುತ್ತೆ. ಸಸ್ಪೆನ್ಷನ್‌ಗೆ ದುಡ್ಡು ಹಾಕೋದೋ ಬೇಡವೋ ಅನ್ನೋದನ್ನ ಆಮೇಲೆ ಮಾತಾಡೋಣ.